ನೋವಿನ ಮೂಲವನ್ನು ಅರಸಿದ ವೈದ್ಯೆ: ಜಾನೆಟ್ ಟ್ರಾವೆಲ್

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ನೋಯುವ ಮೈಗೆ ಸೂಜಿ ಚುಚ್ಚಿ ನೋವನ್ನು ಕಳೆಯಬಹುದೆಂದು ಎರಡು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನಗುವುದನ್ನು ಬಿಟ್ಟು ಯೋಚಿಸುವಂತೆ ಮಾಡಿದುದು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ.

ನಮ್ಮ ತಾಯಿ ಹೊಲಿಗೆಯ ಕೆಲಸ ಮಾಡುವವರು. ಹಬ್ಬ, ಮದುವೆಗಳ ಕಾಲ ಬಂದಿತೆಂದರೆ ರಾತ್ರಿ ಹನ್ನೊಂದರವರೆಗೂ ಮೆಷಿನ್ನಿನ ಮುಂದೆ ಕತ್ತು ಬಗ್ಗಿಸಿ ಕುಳಿತಿರುತ್ತಾರೆ. ಅವರ ಬಲರೆಟ್ಟೆಯಲ್ಲಿ ಒಂದು ನೋವು ಕಾಣಿಸಿಕೊಂಡಿತು. ಮೊದಲು ವಾಯುವೆಂದು ಎಣ್ಣೆ ತಿಕ್ಕಿ ಬಿಸಿನೀರು ಹಾಕಿದ್ದಾಯಿತು. ಆಮೇಲೆ ಮಾತ್ರೆಗಳಾದುವು. ಒಬ್ಬ ವೈದ್ಯರು ಎಕ್ಸ್‌ರೇ ತೆಗೆಸಿ ನೋಡಿ, ಮೂಳೆ ಸರಿಯಾಗಿದೆ, ಏನೂ ಇಲ್ಲ, ಎಲ್ಲವೂ ಮನಸ್ಸಿನ ಭ್ರಮೆ ಎಂದುಬಿಟ್ಟರು. ಆ ದಿನ ತಾಯಿ ಮನೆಗೆ ಬಂದು ಯಾರೊಡನೆಯೂ ಮಾತನಾಡದೆ ಅಡಿಗೆಮನೆಯಲ್ಲಿ ಕುಳಿತುದನ್ನು ನಾನು ಮರೆತಿಲ್ಲ. ನೋವಿಗಿಂತಲೂ, ನೋವೇ ಇಲ್ಲವೆಂದು ಹೇಳಿಸಿಕೊಂಡುದು ಅವರನ್ನು ಹೆಚ್ಚಾಗಿ ನೋಯಿಸಿತ್ತು.

ಕೊನೆಗೆ ಅವರನ್ನು ಪರೀಕ್ಷಿಸಿದವರು ಒಬ್ಬ ಫಿಸಿಯೋಥೆರಪಿಸ್ಟ್. ನೋಯುತ್ತಿದ್ದ ರೆಟ್ಟೆಯನ್ನು ಬಿಟ್ಟು, ಅವರು ಹೆಗಲಿನ ಹಿಂದೆ ಹಲಗೆಮೂಳೆಯ ಮೇಲಿನ ಸ್ನಾಯುವನ್ನು ಹೆಬ್ಬೆರಳಿನಿಂದ ಒತ್ತುತ್ತ ಒಂದೆಡೆ ನಿಲ್ಲಿಸಿದರು. ಒತ್ತಿದುದು ಬೆನ್ನಿನ ಕಡೆ. ನೋವು ಹರಿದುದು ರೆಟ್ಟೆಯ ಉದ್ದಕ್ಕೂ! ಇದೇ, ಇದೇ ನನ್ನ ನೋವು ಎಂದು ತಾಯಿ ಕೂಗಿಕೊಂಡರು. ಅನಂತರ ಆತ ಬಹಳ ತೆಳುವಾದ ಸೂಜಿಯೊಂದನ್ನು ಅಲ್ಲಿಗೆ ಇಳಿಸಿದರು. ಸೂಜಿಯಲ್ಲಿ ಔಷಧವೇನೂ ಇರಲಿಲ್ಲ. ಸ್ನಾಯು ಒಮ್ಮೆ ಮೀನಿನಂತೆ ಮಿಡುಕಿ ಸಡಿಲವಾಯಿತು. ಇದಕ್ಕೆ ಡ್ರೈ ನೀಡಲಿಂಗ್ ಎಂದು ಹೆಸರು. ಒಣಸೂಜಿಯ ಚಿಕಿತ್ಸೆ ಎನ್ನಬಹುದು. ಇದನ್ನು ಕಂಡುಹಿಡಿದವರು ಯಾರೆಂದು ನಾನು ಕೇಳಿದಾಗ ಆತ ಹೇಳಿದ ಮೊದಲನೆಯ ಹೆಸರು ಜಾನೆಟ್ ಟ್ರಾವೆಲ್. ನಾನು ಇತಿಹಾಸದ ವಿದ್ಯಾರ್ಥಿನಿ. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಆ ಹೆಸರಿನ ಹಿಂದೆ ಬಿದ್ದು ಓದಿ ತಿಳಿದುದನ್ನು ಸಹಪಾಠಿಗಳ ಮುಂದಿಡಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆದಿದ್ದೇನೆ.

ಜಾನೆಟ್ ಗ್ರೇಮ್ ಟ್ರಾವೆಲ್ ಅವರು ೧೯೦೧ನೆಯ ಇಸವಿ ಡಿಸೆಂಬರ್ ೧೭ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಿಲ್ಲರ್ಡ್ ಟ್ರಾವೆಲ್ ವೈದ್ಯರು. ಮೈಕೈ ನೋವಿನ ರೋಗಿಗಳನ್ನು ಮಾತ್ರೆಗಳಿಂದಲ್ಲದೆ ಭೌತಿಕ ಚಿಕಿತ್ಸಾಕ್ರಮಗಳಿಂದ ಗುಣಪಡಿಸುವುದರಲ್ಲಿ ಅವರಿಗೆ ಆಸಕ್ತಿಯಿತ್ತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ತಂದೆಯ ದಾರಿಯನ್ನೇ ಹಿಡಿದು ವೈದ್ಯರಾದರು. ಆ ಕಾಲದಲ್ಲಿ ಅಮೆರಿಕದಲ್ಲಿಯೂ ವೈದ್ಯಕೀಯ ಕಾಲೇಜಿಗೆ ಸೇರುವ ಹೆಣ್ಣುಮಕ್ಕಳ ಸಂಖ್ಯೆ ಬೆರಳೆಣಿಕೆಯಷ್ಟು ಎಂಬುದನ್ನು ನಾವು ನೆನಪಿನಲ್ಲಿಡಬೇಕು. ಜಾನೆಟ್ ೧೯೨೨ರಲ್ಲಿ ವೆಲೆಸ್ಲಿ ಕಾಲೇಜಿನ ಪದವಿ ಪಡೆದು, ೧೯೨೬ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜಿನಿಂದ ತರಗತಿಗೇ ಮೊದಲಿಗರಾಗಿ ಎಂ.ಡಿ. ಪದವಿಯನ್ನು ಪಡೆದರು. ನ್ಯೂಯಾರ್ಕ್ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಿದ್ದಾಗ ನಗರದ ಪೊಲೀಸ್ ಇಲಾಖೆಯ ಆಂಬ್ಯುಲೆನ್ಸ್ ಸರ್ಜನ್ ಆಗಿಯೂ ದುಡಿದರು. ೧೯೨೯ರಲ್ಲಿ ಜಾನ್ ಪವೆಲ್ ಎಂಬವರನ್ನು ವಿವಾಹವಾದರು. ಇಬ್ಬರು ಹೆಣ್ಣುಮಕ್ಕಳನ್ನು ಪಡೆದರು. ಮದುವೆಯಾದ ಮೇಲೂ ವೃತ್ತಿಯಲ್ಲಿ ತಂದೆಯ ಮನೆತನದ ಹೆಸರನ್ನೇ ಉಳಿಸಿಕೊಂಡರು.

ಮೊದಲ ಹತ್ತು ವರ್ಷ ಅವರು ಸ್ನಾಯುವಿನ ಗೊಡವೆಗೇ ಹೋಗಲಿಲ್ಲ. ಕಾರ್ನೆಲ್‌ನಲ್ಲಿ ಔಷಧಶಾಸ್ತ್ರವನ್ನು ಕಲಿಸುತ್ತಿದ್ದರು. ಹೃದಯಕ್ಕೆ ಕೊಡುವ ಡಿಜಿಟಾಲಿಸ್ ಎಂಬ ಔಷಧದ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಆದರೆ ೧೯೩೦ರ ದಶಕದ ಕೊನೆಯ ವೇಳೆಗೆ ಅವರ ದೃಷ್ಟಿ ಬೇರೆ ಕಡೆಗೆ ತಿರುಗಿತು. ಅವರು ನೋಡುತ್ತಿದ್ದ ರೋಗಿಗಳಲ್ಲಿ ಕೆಲವರು ಹೃದ್ರೋಗಿಗಳು, ಕೆಲವರು ಕ್ಷಯರೋಗಿಗಳು, ಉಳಿದವರಿಗೆ ಹೇಳಿಕೊಳ್ಳುವಂಥ ರೋಗವೇ ಇಲ್ಲ. ಆದರೆ ಎಲ್ಲರ ಬಾಯಲ್ಲೂ ಒಂದೇ ದೂರು: ಹೆಗಲು ನೋವು, ತೋಳು ನೋವು. ಹೃದ್ರೋಗಿಗೆ ಈ ನೋವು ಹೃದಯದಿಂದ ಬಂದುದೆಂದು ವೈದ್ಯರು ಹೇಳುತ್ತಿದ್ದರು. ಕ್ಷಯರೋಗಿಗೆ ಶ್ವಾಸಕೋಶದಿಂದ ಬಂದುದೆನ್ನುತ್ತಿದ್ದರು. ಈ ಎರಡೂ ಇಲ್ಲದವನಿಗೆ ಮನಸ್ಸಿನಿಂದ ಬಂದುದೆನ್ನುತ್ತಿದ್ದರು. ಈ ಭಾಗವನ್ನು ಓದಿದಾಗ ನನ್ನ ತಾಯಿಯ ಮುಖ ನನ್ನ ಕಣ್ಣ ಮುಂದೆ ಬಂದಿತು.

ಒಂದೇ ಬಗೆಯ ನೋವಿಗೆ ಮೂರು ವಾರ್ಡುಗಳಲ್ಲಿ ಮೂರು ಕಾರಣಗಳು ಹೇಗಾದುವು ಎಂಬ ಪ್ರಶ್ನೆ ಟ್ರಾವೆಲ್ ಅವರನ್ನು ಬಿಡಲಿಲ್ಲ. ಅವರಿಗೂ ಆಗ ಕೆಲಸದ ಆಯಾಸದಿಂದ ಹೆಗಲು ತೋಳುಗಳಲ್ಲಿ ನೋವು ಬಂದಿತ್ತು. ತಮ್ಮ ಹೆಗಲಿನ ಸ್ನಾಯುಗಳನ್ನು ತಾವೇ ಒತ್ತಿ ನೋಡಿಕೊಳ್ಳುತ್ತಿದ್ದಾಗ ಕೆಲವು ಜಾಗಗಳನ್ನು ಮುಟ್ಟಿದೊಡನೆ ತೋಳಿನ ನೋವು ಕೆರಳುವುದನ್ನು ಕಂಡರು. ರೋಗಿಗಳನ್ನೂ ಹಾಗೆಯೇ ಒತ್ತಿ ನೋಡಿದರು. ಹೃದ್ರೋಗಿಯಾಗಲಿ, ಕ್ಷಯರೋಗಿಯಾಗಲಿ, ಅದೇ ಜಾಗಗಳು. ಅದೇ ಬಗೆಯ ನೋವು!

ಇಲ್ಲಿ ಅವರ ನೆರವಿಗೆ ಬಂದುದು ಇಂಗ್ಲೆಂಡಿನ ಒಬ್ಬ ವೈದ್ಯರ ಕೆಲಸ. ಜೋನಸ್ ಕೆಲ್‌ಗ್ರೆನ್ ಎಂಬವರು ೧೯೩೮ರಲ್ಲಿ ಲಂಡನ್ನಿನಲ್ಲಿ ಒಂದು ಪ್ರಯೋಗ ನಡೆಸಿದ್ದರು. ಒಪ್ಪಿ ಮುಂದೆ ಬಂದವರ ಸ್ನಾಯುಗಳಿಗೆ ಗಾಢವಾದ ಉಪ್ಪುನೀರನ್ನು ಚುಚ್ಚಿ, ನೋವು ಎಲ್ಲಿ ಕಾಣಿಸಿಕೊಳ್ಳುವುದೆಂದು ಗುರುತು ಹಾಕಿಕೊಂಡಿದ್ದರು. ಚುಚ್ಚಿದ ಜಾಗವೊಂದು, ನೋಯುವ ಜಾಗ ಮತ್ತೊಂದು. ಆ ನೋವು ಮನಬಂದಂತೆ ಹರಡುತ್ತಿರಲಿಲ್ಲ; ಒಂದೊಂದು ಸ್ನಾಯುವಿಗೂ ತನ್ನದೇ ಆದ ಹಾದಿಯಿತ್ತು. ಇದನ್ನು ಓದಿದ ಟ್ರಾವೆಲ್ ಅವರಿಗೆ ಕತ್ತಲೆಯ ಕೋಣೆಯಲ್ಲಿ ದೀಪ ಹಚ್ಚಿದಂತಾಯಿತು.

ಸ್ನಾಯುವಿನಲ್ಲಿ ಎಳೆಗಳು ಬಿಗಿದು ಹಗ್ಗದಂತಾದ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಮುಟ್ಟಿದರೆ ಸಹಿಸಲಾಗದ ಒಂದು ಚುಕ್ಕೆ. ಇದನ್ನೇ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಟ್ರಿಗರ್ ಎಂದರೆ ಬಂದೂಕಿನ ಕುದುರೆ. ಕುದುರೆಯನ್ನು ಎಳೆಯುವುದು ಒಂದೆಡೆ, ಗುಂಡು ಹೋಗಿ ಬೀಳುವುದು ಇನ್ನೊಂದೆಡೆ. ಹೆಸರು ಎಷ್ಟು ಸಮಂಜಸವಾಗಿದೆ ನೋಡಿ! ಕತ್ತಿನ ಪಕ್ಕದ ಸ್ನಾಯುವಿನಲ್ಲಿ ಕುದುರೆ ಎಳೆದರೆ ತಲೆನೋವು. ಹಲಗೆಮೂಳೆಯ ಮೇಲಿನ ಸ್ನಾಯುವಿನಲ್ಲಿ ಎಳೆದರೆ ಹೆಗಲಿನ ಮುಂಭಾಗ ಮತ್ತು ರೆಟ್ಟೆಯ ನೋವು. ಪೃಷ್ಠದ ಒಳಸ್ನಾಯುವಿನಲ್ಲಿ ಎಳೆದರೆ ಕಾಲಿನುದ್ದಕ್ಕೂ ಇಳಿಯುವ ಸೆಳೆತ. ನೋವಿರುವ ಜಾಗಕ್ಕೆ ಎಷ್ಟು ಎಣ್ಣೆ ತಿಕ್ಕಿದರೂ ಗುಣವಾಗದಿದ್ದುದಕ್ಕೆ ಕಾರಣ ನನಗೆ ಆಗ ಹೊಳೆಯಿತು. ಗುಂಡು ಬಿದ್ದ ಗೋಡೆಯನ್ನು ನಾವು ತಿಕ್ಕುತ್ತಿದ್ದೆವು; ಬಂದೂಕು ಬೇರೆಲ್ಲಿಯೋ ಇತ್ತು.

ಟ್ರಾವೆಲ್ ಅವರು ಆ ಚುಕ್ಕೆಗೆ ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಸೂಜಿಯಿಂದ ಚುಚ್ಚತೊಡಗಿದರು. ತಿಂಗಳುಗಟ್ಟಲೆ ಕೈಯೆತ್ತಲಾಗದಿದ್ದವರು ಕೈಯೆತ್ತಿದರು. ಸೇಮೂರ್ ರಿನ್ಜ್ಲರ್ ಮತ್ತು ಮೈರನ್ ಹರ್ಮನ್ ಎಂಬ ಇಬ್ಬರು ವೈದ್ಯರೊಡನೆ ಸೇರಿ ೧೯೪೨ರಲ್ಲಿ ಈ ಬಗ್ಗೆ ಲೇಖನವನ್ನು ಪ್ರಕಟಿಸಿದರು. ೧೯೫೨ರಲ್ಲಿ ರಿನ್ಜ್ಲರ್ ಅವರೊಡನೆ ಬರೆದ ಇನ್ನೊಂದು ಲೇಖನದಲ್ಲಿ ಯಾವ ಸ್ನಾಯುವಿನ ನೋವು ಎಲ್ಲಿಗೆ ಹರಿಯುತ್ತದೆಂಬುದನ್ನು ಚಿತ್ರಗಳ ಮೂಲಕ ತೋರಿಸಿದರು. ಇಲ್ಲಿ ಒಂದು ವಿಚಿತ್ರವೂ ಕಂಡುಬಂದಿತು. ಪ್ರೊಕೇನ್ ಔಷಧದ ಪ್ರಭಾವ ಬಹು ಬೇಗ ಇಳಿದುಹೋಗುವಂಥದು. ಆದರೆ ರೋಗಿಗೆ ದೊರೆತ ಸುಖ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತಿತ್ತು. ಹಾಗಾದರೆ ಕೆಲಸ ಮಾಡಿದುದು ಔಷಧವೋ, ಸೂಜಿಯೋ? ಒಣಸೂಜಿಯ ಕಥೆ ಹುಟ್ಟಿದುದು ಈ ಪ್ರಶ್ನೆಯಿಂದ.

ಅವರ ಹೆಸರು ಲೋಕಕ್ಕೆಲ್ಲ ತಿಳಿದುದು ಒಬ್ಬ ರೋಗಿಯಿಂದ. ೧೯೫೫ರ ಮೇ ತಿಂಗಳಲ್ಲಿ ಮೆಸಾಚುಸೆಟ್ಸ್ ರಾಜ್ಯದ ಯುವಕ ಸೆನೆಟರ್ ಒಬ್ಬರು ಊರುಗೋಲುಗಳ ಮೇಲೆ ಅವರ ನ್ಯೂಯಾರ್ಕಿನ ಚಿಕಿತ್ಸಾಲಯಕ್ಕೆ ಬಂದರು. ಬೀದಿಯಿಂದ ಒಳಕ್ಕೆ ಇಳಿಯುವ ಕೆಲವೇ ಮೆಟ್ಟಿಲುಗಳು ಅವರಿಗೆ ಬೆಟ್ಟವಾಗಿದ್ದುವು. ಹಿಂದಿನ ಅಕ್ಟೋಬರಿನಲ್ಲಿ ಒಮ್ಮೆ, ಆ ವರ್ಷದ ಫೆಬ್ರವರಿಯಲ್ಲಿ ಮತ್ತೊಮ್ಮೆ ಅವರ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಆ ಸೆನೆಟರ್ ಜಾನ್ ಎಫ್. ಕೆನೆಡಿ. ಟ್ರಾವೆಲ್ ಅವರು ಬೆನ್ನಿನ ಸ್ನಾಯುಗಳನ್ನು ಒಂದೊಂದಾಗಿ ಒತ್ತಿ ನೋಡಿ ಪ್ರೊಕೇನ್ ಚುಚ್ಚಿದರು. ಅಷ್ಟಕ್ಕೇ ನಿಲ್ಲಲಿಲ್ಲ. ರೋಗಿ ನಿಲ್ಲುವ, ಕೂರುವ, ನಡೆಯುವ ರೀತಿಯನ್ನೆಲ್ಲ ಗಮನಿಸಿದರು. ಒಂದು ಕಾಲು ಮತ್ತೊಂದಕ್ಕಿಂತ ತುಸು ಗಿಡ್ಡವಾಗಿರುವುದನ್ನು ಕಂಡು ಬೂಟಿನ ಹಿಮ್ಮಡಿಗೆ ಎತ್ತರ ಕೊಡಿಸಿದರು. ಬೆನ್ನಿನ ಸ್ನಾಯುಗಳು ಒಂದೇ ಭಂಗಿಯಲ್ಲಿ ಬಿಗಿದುಕೊಳ್ಳದಿರಲೆಂದು ತೂಗುವ ಕುರ್ಚಿಯಲ್ಲಿ ಕೂರಲು ಹೇಳಿದರು. ಮುಂದೆ ಪತ್ರಿಕೆಗಳಲ್ಲೆಲ್ಲ ಪ್ರಸಿದ್ಧವಾದ ಕೆನೆಡಿಯವರ ತೂಗುಕುರ್ಚಿ ಮೊದಲಿಗೆ ಒಬ್ಬ ವೈದ್ಯೆಯ ಔಷಧದ ಚೀಟಿ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಕುರ್ಚಿಯ ವಿಷಯದಲ್ಲಿ ಟ್ರಾವೆಲ್ ಅವರದು ಬಹಳ ಕಟ್ಟುನಿಟ್ಟು. ಅಳತೆಗೆ ಹೊಂದದ ಆಸನ ಸ್ನಾಯುಗಳ ಶತ್ರುವೆಂದು ಅವರು ಹೇಳುತ್ತಿದ್ದರು. ಕುರ್ಚಿಯ ಎತ್ತರ, ಬೆನ್ನಾಸರೆಯ ಓರೆ, ತೋಳಾಸರೆ ಎಲ್ಲದರ ಮೇಲೂ ಬರೆದರು. ನಮ್ಮ ತರಗತಿಯ ಬೆಂಚುಗಳನ್ನು ಅವರು ನೋಡಿದ್ದರೆ ಏನೆನ್ನುತ್ತಿದ್ದರೋ!

೧೯೬೧ರ ಜನವರಿಯಲ್ಲಿ ಕೆನೆಡಿ ಅಧ್ಯಕ್ಷರಾದರು. ಟ್ರಾವೆಲ್ ಅವರನ್ನು ತಮ್ಮ ವೈದ್ಯರನ್ನಾಗಿ ನೇಮಿಸಿಕೊಂಡರು. ಅಮೆರಿಕದ ಅಧ್ಯಕ್ಷರ ಖಾಸಗಿ ವೈದ್ಯರ ಹುದ್ದೆಗೆ ಬಂದ ಮೊದಲನೆಯ ಮಹಿಳೆ ಅವರೇ. ಆಗ ಅವರಿಗೆ ೫೯ ವರ್ಷ.

ಜೀವನಚರಿತ್ರೆಗಳು ಸಾಮಾನ್ಯವಾಗಿ ಇಂಥ ಶಿಖರದಲ್ಲಿ ನಿಂತು ಜಯಕಾರ ಮಾಡುತ್ತವೆ. ಆದರೆ ಟ್ರಾವೆಲ್ ಅವರ ಬಾಳಿನಲ್ಲಿ ಕಷ್ಟದ ಪರೀಕ್ಷೆ ಬಂದುದು ಈ ಶಿಖರದಲ್ಲಿಯೇ. ಅದೇ ವರ್ಷದ ಮೇ ತಿಂಗಳಲ್ಲಿ ಕೆನೆಡಿ ಕೆನಡಾ ದೇಶದ ಒಟ್ಟಾವಕ್ಕೆ ಹೋಗಿದ್ದಾಗ ಸಸಿ ನೆಡುವ ಸಮಾರಂಭದಲ್ಲಿ ಬೆನ್ನು ಮತ್ತೆ ಹಿಡಿದುಕೊಂಡಿತು. ಪ್ರೊಕೇನ್ ಇಂಜೆಕ್ಷನ್ನುಗಳು ಮತ್ತೆ ಮತ್ತೆ ಬೇಕಾದುವು. ಶ್ವೇತಭವನದ ಇತರ ವೈದ್ಯರಿಗೆ, ಮುಖ್ಯವಾಗಿ ನೌಕಾಪಡೆಯ ಜಾರ್ಜ್ ಬರ್ಕ್ಲಿ ಅವರಿಗೆ, ಇದು ಸರಿಬೀಳಲಿಲ್ಲ. ಸೂಜಿಯ ಮೇಲೆಯೇ ನಿಂತರೆ ಬೆನ್ನು ಇನ್ನಷ್ಟು ದುರ್ಬಲವಾಗಿ ಅಧ್ಯಕ್ಷರು ಗಾಲಿಕುರ್ಚಿಯನ್ನು ಸೇರುವರೆಂಬ ಭಯ ಅವರದು. ಹ್ಯಾನ್ಸ್ ಕ್ರೌಸ್ ಎಂಬ ವೈದ್ಯರನ್ನು ಕರೆಸಬೇಕೆಂದು ಅವರು ಪಟ್ಟುಹಿಡಿದರು. ಕ್ರೌಸ್ ಆಸ್ಟ್ರಿಯಾದಿಂದ ಬಂದವರು, ಪರ್ವತಾರೋಹಿ. ವ್ಯಾಯಾಮವೇ ಬೆನ್ನಿಗೆ ಮದ್ದೆಂದು ನಂಬಿದವರು. ನೋಯುವ ಸ್ನಾಯುವಿನ ಮೇಲೆ ತಣ್ಣನೆಯ ಔಷಧವನ್ನು ಸಿಂಪಡಿಸುವ ಕ್ರಮವನ್ನು ಟ್ರಾವೆಲ್ ಅವರು ಹಿಂದೆ ಈ ಕ್ರೌಸ್ ಅವರಿಂದಲೇ ಕಲಿತಿದ್ದರು. ಆದರೂ ಈಗ ಅವರ ಪ್ರವೇಶವನ್ನು ವಿರೋಧಿಸಿದರು. ಕೊನೆಗೆ ೧೯೬೧ರ ಅಕ್ಟೋಬರಿನಲ್ಲಿ ಕ್ರೌಸ್ ಬಂದರು. ಇಂಜೆಕ್ಷನ್ನುಗಳು ನಿಂತು ವ್ಯಾಯಾಮ ಪ್ರಾರಂಭವಾಯಿತು. ಕೆನೆಡಿಯವರ ಬೆನ್ನು ಸುಧಾರಿಸಿತು. ಟ್ರಾವೆಲ್ ಅವರ ಹುದ್ದೆ ಹೆಸರಿಗೆ ಉಳಿಯಿತು. ಬೆನ್ನಿನ ಅಧಿಕಾರ ಕೈತಪ್ಪಿತು.

ಇದನ್ನು ಓದಿದಾಗ ನನಗೆ ಬೇಸರವಾಯಿತು. ನಾನು ಮೆಚ್ಚಿದ ವ್ಯಕ್ತಿ ಇಲ್ಲಿ ಸೋತಿದ್ದರು; ಸೋತುದು ಅನ್ಯಾಯದಿಂದಲೂ ಅಲ್ಲ. ನೋವನ್ನು ಕಳೆಯುವುದು ಬೇರೆ, ನೋವು ಮರಳಿ ಬಾರದಂತೆ ಮೈಯನ್ನು ಬಲಪಡಿಸುವುದು ಬೇರೆ. ಮೊದಲನೆಯದರಲ್ಲಿ ಅವರಿಗೆ ಸಮಾನರಿರಲಿಲ್ಲ. ಎರಡನೆಯದನ್ನು ಅವರೂ ಬಲ್ಲವರೇ. ಹಿಮ್ಮಡಿಯ ಎತ್ತರ, ತೂಗುಕುರ್ಚಿ ಇವೆಲ್ಲ ಅದಕ್ಕೇ ಸಾಕ್ಷಿ. ಆದರೆ ದೇಶದ ಆಡಳಿತ ನಡೆಸುವ ರೋಗಿ ಕೂಡಲೇ ಎದ್ದು ನಿಲ್ಲಬೇಕೆಂದಾಗ, ಕೂಡಲೇ ಫಲ ಕೊಡುವ ಸೂಜಿಯ ಕಡೆಗೆ ಕೈ ಹೋಗುವುದು ಸಹಜ. ತಪ್ಪು ಎಲ್ಲಿ ಪ್ರಾರಂಭವಾಯಿತೆಂದು ಬೆರಳಿಟ್ಟು ತೋರಿಸುವುದು ಕಷ್ಟ.

೧೯೬೩ರ ನವೆಂಬರ್ ೨೨ರಂದು ಕೆನೆಡಿಯವರ ಕೊಲೆಯಾಯಿತು. ಟ್ರಾವೆಲ್ ಅವರು ಅಧ್ಯಕ್ಷ ಜಾನ್ಸನ್ನರ ಕಾಲದಲ್ಲಿಯೂ ಕೆಲಕಾಲವಿದ್ದು ೧೯೬೫ರಲ್ಲಿ ಶ್ವೇತಭವನವನ್ನು ಬಿಟ್ಟರು. ೧೯೬೮ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು. ಅರವತ್ತಾರು ವರ್ಷದ ಇನ್ನೊಬ್ಬರಾಗಿದ್ದರೆ ಅಲ್ಲಿಗೆ ವಿಶ್ರಾಂತಿ ಪಡೆಯುತ್ತಿದ್ದರು. ಅವರ ದೊಡ್ಡ ಕೆಲಸ ಇನ್ನೂ ಮುಂದಿತ್ತು.

ಆ ಕೆಲಸಕ್ಕೆ ಜೊತೆಗಾರರಾದವರು ಡೇವಿಡ್ ಸೈಮನ್ಸ್. ಇವರದು ಇನ್ನೊಂದು ಸ್ವಾರಸ್ಯದ ಬಾಳು. ವಾಯುಪಡೆಯ ವೈದ್ಯರಾದ ಇವರು ೧೯೫೭ರ ಆಗಸ್ಟ್‌ನಲ್ಲಿ ಬೆಲೂನಿನಲ್ಲಿ ೩೦ ಕಿಲೋಮೀಟರಿಗೂ ಮೀರಿದ ಎತ್ತರಕ್ಕೆ ಒಬ್ಬರೇ ಏರಿ ಇಳಿದಿದ್ದವರು. ಟ್ರಾವೆಲ್ ಅವರ ಉಪನ್ಯಾಸವನ್ನು ಕೇಳಿ ಸ್ನಾಯುವಿನ ನೋವಿನ ಕಡೆಗೆ ತಿರುಗಿದರು. ಇಬ್ಬರೂ ಸೇರಿ ಟ್ರಿಗರ್ ಪಾಯಿಂಟುಗಳ ಕೈಪಿಡಿಯನ್ನು ಬರೆದರು. ದೇಹದ ಮೇಲ್ಭಾಗವನ್ನು ಕುರಿತ ಮೊದಲನೆಯ ಸಂಪುಟ ೧೯೮೩ರಲ್ಲಿ ಹೊರಬಂದಾಗ ಟ್ರಾವೆಲ್ ಅವರಿಗೆ ೮೧ ವರ್ಷ. ಕೆಳಭಾಗವನ್ನು ಕುರಿತ ಎರಡನೆಯದು ೧೯೯೨ರಲ್ಲಿ ಬಂದಾಗ ೯೦ ವರ್ಷ. ಒಂದೊಂದು ಸ್ನಾಯುವಿಗೂ ಒಂದೊಂದು ಅಧ್ಯಾಯ. ನೋವು ಹರಿಯುವ ಜಾಗಕ್ಕೆ ಕೆಂಪು ಬಣ್ಣ ಹಾಕಿದ ಚಿತ್ರಗಳು. ೧೯೯೭ರ ಆಗಸ್ಟ್ ೧ರಂದು ಮೆಸಾಚುಸೆಟ್ಸ್‌ನ ನಾರ್ತ್‌ಹ್ಯಾಂಪ್ಟನ್‌ನಲ್ಲಿ ಟ್ರಾವೆಲ್ ಅವರು ತಮ್ಮ ೯೫ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಸೂಜಿಯ ಪ್ರಶ್ನೆಗೆ ಬರೋಣ. ೧೯೭೯ರಲ್ಲಿ ಪ್ರಾಗ್ ನಗರದ ವೈದ್ಯ ಕಾರೆಲ್ ಲೆವಿಟ್ ಅವರು ತಮ್ಮ ೨೪೧ ರೋಗಿಗಳ ಅನುಭವವನ್ನು ಪ್ರಕಟಿಸಿದರು. ಔಷಧವಿಲ್ಲದೆ ಬರಿಯ ಸೂಜಿಯನ್ನು ನೋವಿನ ಚುಕ್ಕೆಗೆ ಸರಿಯಾಗಿ ತಾಗಿಸಿದಾಗ ನೂರಕ್ಕೆ ಎಂಬತ್ತಾರಕ್ಕಿಂತ ಹೆಚ್ಚು ಸಲ ನೋವು ಆ ಕ್ಷಣದಲ್ಲಿಯೇ ಇಳಿದಿತ್ತು. ಟ್ರಾವೆಲ್ ಮತ್ತು ಸೈಮನ್ಸರ ಕೈಪಿಡಿಯೂ ಒಣಸೂಜಿಯಿಂದ ಫಲವಿದೆಯೆಂದು ಒಪ್ಪಿತು. ಔಷಧವಿದ್ದರೆ ಚುಚ್ಚಿದ ಮೇಲಿನ ನೋವು ಕಡಿಮೆಯೆಂದು ಮಾತ್ರ ಸೇರಿಸಿತು. ಹೀಗೆ ಔಷಧ ಹಿಂದೆ ಸರಿದು ಸೂಜಿ ಉಳಿಯಿತು. ಇಂದು ಫಿಸಿಯೋಥೆರಪಿಯಲ್ಲಿ ಬಳಸುವ ಸೂಜಿ ಚೀನಾ ದೇಶದ ಆಕ್ಯುಪಂಕ್ಚರಿನದೇ. ಆದರೆ ಹಿಂದಿರುವ ತರ್ಕ ಬೇರೆ. ಅಲ್ಲಿ ಪ್ರಾಣಶಕ್ತಿಯ ನಾಡಿಗಳು, ಇಲ್ಲಿ ಸ್ನಾಯುವಿನ ಬಿಗಿದ ಪಟ್ಟಿ.

ಈ ಚಿಕಿತ್ಸೆಯ ಬಗ್ಗೆ ವಿದ್ವಾಂಸರಲ್ಲಿ ವಾದ ಇನ್ನೂ ಮುಗಿದಿಲ್ಲವೆಂಬುದನ್ನು ಮುಚ್ಚಿಟ್ಟರೆ ತಪ್ಪಾದೀತು. ಬಿಗಿದ ಸ್ನಾಯುವಿಗೆ ರಕ್ತ, ಆಮ್ಲಜನಕ ಸಾಲದೆ ಅದು ಸಡಿಲವಾಗಲಾರದೆ ನೋಯುತ್ತದೆಂದು ಸೈಮನ್ಸ್ ಮೊದಲಾದವರು ಊಹಿಸಿದರು. ಇದನ್ನು ಒಪ್ಪದವರೂ ಇದ್ದಾರೆ. ಒಂದೇ ಬೆನ್ನನ್ನು ಇಬ್ಬರು ಪರಿಣತರು ಒತ್ತಿ ನೋಡಿದರೆ ಒಂದೇ ಚುಕ್ಕೆಯನ್ನು ತೋರಿಸುವರೆಂಬ ಭರವಸೆಯಿಲ್ಲ. ಒಣಸೂಜಿಯಿಂದ ಕೆಲವು ವಾರಗಳ ಮಟ್ಟಿಗೆ ನೋವು ತಗ್ಗುವುದಕ್ಕೆ ಆಧಾರಗಳಿವೆ. ಬಹುಕಾಲದ ಫಲದ ಬಗ್ಗೆ ಆಧಾರ ತೆಳು. ಎದೆಯ ಭಾಗದಲ್ಲಿ ಅರಿಯದವರು ಚುಚ್ಚಿದರೆ ಶ್ವಾಸಕೋಶದ ಪೊರೆಗೆ ತೂತಾಗುವ ಅಪಾಯವೂ ಉಂಟು. ಆದುದರಿಂದ ಇದು ಕಲಿತವರ ಕೈಯಲ್ಲಿಯೇ ಇರಬೇಕು.

ಹಾಗಾದರೆ ಟ್ರಾವೆಲ್ ಅವರ ಹಿರಿಮೆ ಯಾವುದು? ನನಗೆ ತೋರುವಂತೆ ಅದು ಸೂಜಿಯಲ್ಲಿಲ್ಲ, ಬೆರಳಿನಲ್ಲಿದೆ. ಮೂರು ವಾರ್ಡುಗಳ ರೋಗಿಗಳು ಒಂದೇ ಮಾತನ್ನು ಹೇಳುತ್ತಿದ್ದಾಗ ಇತರರು ಅವರ ಚೀಟಿಗಳನ್ನು ಓದಿದರು. ಇವರು ಅವರ ಹೆಗಲನ್ನು ಮುಟ್ಟಿ ನೋಡಿದರು. ನೋಯುತ್ತದೆ ಎಂದವನ ಮಾತನ್ನು ಮೊದಲು ನಂಬಿ, ಆಮೇಲೆ ಕಾರಣವನ್ನು ಹುಡುಕಿದರು. ಅವರ ಸಿದ್ಧಾಂತದಲ್ಲಿ ನಾಳೆ ಎಷ್ಟು ಉಳಿದೀತೋ ಹೇಳಲಾರೆ. ಈ ನಡತೆಯಂತೂ ಉಳಿಯಬೇಕಾದುದು.

ನಮ್ಮ ತಾಯಿಗೆ ಮೂರು ಸಲ ಸೂಜಿ ಹಾಕಿದರು. ರೆಟ್ಟೆ ಹಗುರವಾಯಿತು. ಜೊತೆಗೆ ದಿನಕ್ಕೆ ಎರಡು ಹೊತ್ತು ಮಾಡಲು ವ್ಯಾಯಾಮ ಹೇಳಿಕೊಟ್ಟರು. ಮೆಷಿನ್ನಿನ ಸ್ಟೂಲನ್ನು ತೆಗೆಸಿ ಬೆನ್ನಾಸರೆಯ ಕುರ್ಚಿ ಹಾಕಿಸಿದರು. ದೀಪಾವಳಿಯ ಹೊಲಿಗೆಯ ಗಡಿಬಿಡಿಯಲ್ಲಿ ತಾಯಿ ವ್ಯಾಯಾಮವನ್ನು ಬಿಟ್ಟರು. ಹದಿನೈದು ದಿನದಲ್ಲಿ ನೋವು ಮರಳಿತು. ಮತ್ತೊಮ್ಮೆ ಸೂಜಿ ಹಾಕಿಸಿಬಿಡು ಎಂದು ನನ್ನನ್ನು ಪೀಡಿಸಿದರು. ಆಗ ನಾನು ಅವರಿಗೆ ಕೆನೆಡಿಯವರ ಬೆನ್ನಿನ ಕಥೆಯನ್ನು ಹೇಳಿದೆ. ಅಷ್ಟು ದೊಡ್ಡ ಮನುಷ್ಯನೂ ವ್ಯಾಯಾಮ ಮಾಡಬೇಕಾಯಿತೇ ಎಂದು ಅವರು ಆಶ್ಚರ್ಯಪಟ್ಟರು. ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ತಾಯಿ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತು, ಬಾಯಲ್ಲಿ ಎಣಿಸುತ್ತ, ಹೆಗಲನ್ನು ಹಿಗ್ಗಿಸುತ್ತಿದ್ದರು.